ಅಟ್ಟದ ಮೇಲಿದ್ದ ಮೋಜಾರ್ಟ್: ಕ್ಶೆಶೂಫ್ ಮಠದಿಂದ ಕ್ರಾಕೋವ್‌ವರೆಗೆ

ಪೋಲೆಂಡಿನ ಕ್ಶೆಶೂಫ್ ಮಠದ ದೊಡ್ಡ ಚರ್ಚಿನೊಳಗೆ ಹೋದವರೆಲ್ಲ ತಿರುಗಿ ನಿಂತು ನೋಡುವುದು ಮಿಖಾಯೆಲ್ ಎಂಗ್ಲರ್ ಕಟ್ಟಿದ ಹದಿನೆಂಟನೇ ಶತಮಾನದ ಆರ್ಗನ್ ವಾದ್ಯವನ್ನು. ನೋಡತಕ್ಕದ್ದೇ ಅದು. ಆದರೆ ಸಂಗೀತದ ಜಾಡು ಹಿಡಿದು ಬಂದವರು ಕತ್ತನ್ನು ಇನ್ನೂ ಸ್ವಲ್ಪ ಮೇಲೆತ್ತಬೇಕು. ಎರಡನೇ ಮಹಾಯುದ್ಧದ ಕೊನೆಯ ದಿನಗಳಲ್ಲಿ ಈ ಮಠದ ಚರ್ಚುಗಳ ಅಟ್ಟಗಳಲ್ಲಿ ಮೋಜಾರ್ಟ್, ಬೀಥೋವನ್, ಬಾಖ್ ಸ್ವಂತ ಕೈಯಲ್ಲಿ ಬರೆದ ಹಾಳೆಗಳು ಮರದ ಪೆಟ್ಟಿಗೆಗಳಲ್ಲಿ ಕೂತಿದ್ದವು. ಯುದ್ಧ ಮುಗಿದ ಮೇಲೆ ಸುಮಾರು ಮೂವತ್ತು ವರ್ಷ, ಅವು ಉಳಿದಿವೆಯೋ ಬೂದಿಯಾದವೋ ಎಂಬುದೇ ಹೊರಜಗತ್ತಿಗೆ ತಿಳಿಯಲಿಲ್ಲ.

ಆದರೆ ಪ್ರವಾಸವನ್ನು ಕ್ಶೆಶೂಫ್‌ನಿಂದ ಶುರುಮಾಡಬಾರದು. ಪೆಟ್ಟಿಗೆಗಳು ಬಂದ ದಾರಿಯಲ್ಲೇ ಹೋಗುವುದು ಚೆಂದ. 1941ರ ಏಪ್ರಿಲ್‌ನಲ್ಲಿ ಬರ್ಲಿನ್ನಿನ ಪ್ರಷ್ಯನ್ ರಾಜ್ಯ ಗ್ರಂಥಾಲಯದ ಮೇಲೆ ಬಾಂಬು ಬಿತ್ತು. ಅಲ್ಲಿನವರು ತಮ್ಮ ಅಮೂಲ್ಯ ಸಂಗ್ರಹಗಳನ್ನು ಕಟ್ಟಿ, ವಿಮಾನಗಳು ತಲುಪದ ದೂರದ ಜಾಗಗಳಿಗೆ ಕಳಿಸತೊಡಗಿದರು. ಒಂದು ಕಡೆ ಬೆಂಕಿ ಬಿದ್ದರೆ ಎಲ್ಲವೂ ಹೋಗಬಾರದೆಂದು ಒಂದೇ ಕೃತಿಯ ಭಾಗಗಳನ್ನೂ ಬಿಡಿಸಿ ಬೇರೆ ಬೇರೆ ಕಡೆ ಹಂಚಿದರು. ಸುಮಾರು 500 ಪೆಟ್ಟಿಗೆಗಳು ಆಗ ಜರ್ಮನಿಯ ಪ್ರಾಂತ್ಯವಾಗಿದ್ದ ಸೈಲೀಷಿಯಾದ ಫ್ಯೂರ್ಸ್ಟೆನ್‌ಷ್ಟೈನ್ ಕೋಟೆಗೆ ಬಂದವು. ಈಗ ಅದರ ಹೆಸರು ಕ್ಶಾಂಜ್, ವಾವ್‌ಬ್‌ಝಿಖ್ ನಗರದ ಅಂಚಿನಲ್ಲಿದೆ. ವ್ರೊಟ್ಸ್‌ವಾಫ್‌ನಿಂದ ರೈಲು, ಅಲ್ಲಿಂದ ನಗರ ಬಸ್ಸು.

ಕೋಟೆ ಭವ್ಯವಾಗಿದೆ, ಜನವೂ ಹೆಚ್ಚು. ಮೇಲಿನ ಕೋಣೆಗಳಲ್ಲಿ ಒಂದು ಗಂಟೆ ಸಾಕು. ಸಮಯವಿದ್ದರೆ ನೆಲದಡಿಯ ಸುರಂಗಕ್ಕೆ ಕೊಡಿ. ಬೇಸಿಗೆಯಲ್ಲೂ ಒಳಗೆ ಚಳಿ, ಸ್ವೆಟರ್ ಮರೆಯಬೇಡಿ. ನಾಜಿಗಳ ನಿರ್ಮಾಣ ಪಡೆಯಾದ ಟೋಡ್ಟ್ ಸಂಘಟನೆ ಈ ಕೋಟೆಯನ್ನು ವಶಪಡಿಸಿಕೊಂಡು, ಗ್ರೋಸ್-ರೋಜೆನ್ ಯಾತನಾ ಶಿಬಿರದ ಕೈದಿಗಳಿಂದ ಬಂಡೆ ಕೊರೆಸಿತು. ಕಾಗದದ ಪೆಟ್ಟಿಗೆಗಳಿಗೆ ಇಲ್ಲಿ ಜಾಗ ತಪ್ಪಿದ್ದು, ಅವು ಕ್ಶೆಶೂಫ್‌ಗೆ ಹೋದದ್ದು ಹೀಗೆ. ಊರ ತುಂಬ ಮಾತ್ರ ನಾಜಿಗಳು ಹೂತಿಟ್ಟ ಚಿನ್ನದ ರೈಲಿನದೇ ಮಾತು. 2016ರಲ್ಲಿ ಅಗೆದು ನೋಡಿದರು, ಏನೂ ಸಿಗಲಿಲ್ಲ. ನಿಜವಾಗಿ ಇದ್ದ ನಿಧಿಯ ಕತೆ ಹೇಳುವವರು ಅಷ್ಟು ಜನರಿಲ್ಲದಿರುವುದು ಬೇಸರದ ಸಂಗತಿ.

ಕ್ಶೆಶೂಫ್‌ಗೆ ಹೋಗಲು ಮೊದಲು ಕಾಮಿಯೆನ್ನಾ ಗೂರಾ ಸೇರಬೇಕು, ಅಲ್ಲಿಂದ ಏಳೆಂಟು ಕಿಲೋಮೀಟರ್. ಎಡವುವುದು ಇಲ್ಲೇ. ಬಸ್ ನಿಲ್ದಾಣದ ಪಟ್ಟಿಯಲ್ಲಿ ಹೊತ್ತಿನ ಪಕ್ಕ ಪುಟ್ಟದೊಂದು ಅಕ್ಷರವಿರುತ್ತದೆ. 'ಡಿ' ಇದ್ದರೆ ಸೋಮವಾರದಿಂದ ಶುಕ್ರವಾರದವರೆಗೆ, ಅದೂ ಹಬ್ಬವಲ್ಲದ ದಿನ ಮಾತ್ರ. 'ಎಸ್' ಇದ್ದರೆ ಶಾಲೆ ನಡೆಯುವ ದಿನ ಮಾತ್ರ. ಬೇಸಿಗೆ ರಜೆಯಲ್ಲಿ ಆ ಬಸ್ಸೇ ಇಲ್ಲ. ಭಾನುವಾರ ಓಡುವ ಬಸ್ಸಿಗೆ ಕೂಡಿಸುವ ಚಿಹ್ನೆ (+). ಹೊತ್ತನ್ನಷ್ಟೇ ಓದಿ ಅಕ್ಷರ ಬಿಟ್ಟರೆ ಡಾಂಬರು ರಸ್ತೆಯಲ್ಲಿ ನಡಿಗೆಯೇ ಗತಿ. ನಮಗೆ ಆದದ್ದೂ ಅದೇ. ಹೋಗುವಾಗಲೇ ಹಿಂದಿರುಗುವ ಬಸ್ಸಿನ ಸಾಲನ್ನೂ ಫೋಟೊ ತೆಗೆದಿಟ್ಟುಕೊಳ್ಳಿ. ಭಾನುವಾರ ಬೆಳಗ್ಗೆ ಪೂಜೆ ನಡೆಯುವುದರಿಂದ ಚರ್ಚಿನೊಳಗೆ ಓಡಾಡಿ ನೋಡುವುದಕ್ಕೂ ಆಗುವುದಿಲ್ಲ.

ಬಚ್ಚಿಡುವುದು ಈ ಮಠಕ್ಕೆ ಹೊಸದಲ್ಲ. 1426ರಲ್ಲಿ ಕ್ಯಾಥೊಲಿಕ್ ಚರ್ಚಿನ ವಿರುದ್ಧ ಬಂಡೆದ್ದ ಹುಸೈಟ್ ಪಡೆಗಳು ನುಗ್ಗಿದಾಗ ಸಂನ್ಯಾಸಿಗಳು ತಮ್ಮ ಮೇರಿಮಾತೆಯ ಪಟವನ್ನು ನೆಲದಡಿ ಅಡಗಿಸಿದರು. ಅದು ಮತ್ತೆ ಸಿಕ್ಕಿದ್ದು 1622ರಲ್ಲಿ. ಇಂದಿಗೂ ಆ ಚಿಕ್ಕ ಪಟಕ್ಕೇ ಇಲ್ಲಿ ಮೊದಲ ಪೂಜೆ. 1940ರಲ್ಲಿ ನಾಜಿಗಳು ಬೆನೆಡಿಕ್ಟೈನ್ ಸಂನ್ಯಾಸಿಗಳಿಂದ ಮಠವನ್ನು ಕಿತ್ತುಕೊಂಡರು. ಮರುವರ್ಷ ಬ್ರೆಸ್ಲಾವ್, ಅಂದರೆ ಇಂದಿನ ವ್ರೊಟ್ಸ್‌ವಾಫ್‌ನ ಯಹೂದಿಗಳನ್ನು ತಂದು ಇಲ್ಲಿ ಕೂಡಿಹಾಕಿ, ಇಲ್ಲಿಂದಲೇ ಸಾವಿನ ಕಡೆಗೆ ಸಾಗಿಸಿದರು. ಮನುಷ್ಯರನ್ನು ಹೊರಹಾಕಿದ ಗೋಡೆಗಳೊಳಗೆ ಕಾಗದವನ್ನು ಜೋಪಾನವಾಗಿ ತಂದಿಟ್ಟರು. ಸಂತ ಜೋಸೆಫರ ಚಿಕ್ಕ ಚರ್ಚಿನಲ್ಲಿ ಮಿಖಾಯೆಲ್ ವಿಲ್‌ಮನ್ ಬರೆದ ಭಿತ್ತಿಚಿತ್ರಗಳ ಕೆಳಗೆ ನಿಂತಾಗ ಬಣ್ಣಗಳಿಗಿಂತ ಹೆಚ್ಚಾಗಿ ಈ ಎರಡು ಸಂಗತಿಗಳೇ ಮನಸ್ಸನ್ನು ಹಿಡಿದು ನಿಲ್ಲಿಸುತ್ತವೆ. ಚಿತ್ರಗಳು ಅಪ್ಪಟ ಪ್ರತಿಭೆಯವು. ನನಗೆ ದೊಡ್ಡ ಚರ್ಚಿನ ಚಿನ್ನದ ಮೆರುಗಿಗಿಂತ ಇವೇ ಹಿಡಿಸಿದವು.

1945ರಲ್ಲಿ ಗಡಿ ಸರಿದು ಸೈಲೀಷಿಯಾ ಪೋಲೆಂಡಿಗೆ ಸೇರಿತು. ಪೋಲಿಷ್ ಅಧಿಕಾರಿಗಳು ಪೆಟ್ಟಿಗೆಗಳನ್ನು ಕ್ರಾಕೋವ್‌ಗೆ ಸಾಗಿಸಿದರು, ಸುದ್ದಿ ಹೊರಬಿಡಲಿಲ್ಲ. ಸಂಗೀತ ವಿದ್ವಾಂಸರು ಹುಡುಕಿದರು. ಆದರೆ ಜಾಡನ್ನು ಬಿಡದೆ ಹಿಡಿದವರಲ್ಲಿ ಮುಖ್ಯನಾದವನು ಲಂಡನ್ನಿನ ಮೀನು ತಜ್ಞ ಪೀಟರ್ ವೈಟ್‌ಹೆಡ್! ಅವನಿಗೆ ಬೇಕಿದ್ದದ್ದು ಹದಿನೇಳನೇ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ಬರೆದ ಮೀನು, ಪ್ರಾಣಿಗಳ ಚಿತ್ರಗಳು. ಅವೂ ಅದೇ ಪೆಟ್ಟಿಗೆಗಳ ಜತೆ ಹೊರಟಿದ್ದವು. 1977ರಲ್ಲಿ ಪೋಲೆಂಡಿನ ನಾಯಕ ಗಿಯೆರೆಕ್ ಪೂರ್ವ ಜರ್ಮನಿಗೆ ಕೆಲವು ಹಸ್ತಪ್ರತಿಗಳನ್ನು ಮರಳಿಸಿದಾಗ ಗುಟ್ಟು ಅಧಿಕೃತವಾಗಿ ಬಯಲಾಯಿತು. ಮೋಜಾರ್ಟನ 'ಮಾಯಾ ಕೊಳಲು', ಬೀಥೋವನ್ನನ ಒಂಬತ್ತನೇ ಸಿಂಫನಿಯ ಭಾಗ ಅವುಗಳಲ್ಲಿದ್ದವು.

ಬಾಖ್‌ನ ಒಂದು ಹಸ್ತಪ್ರತಿಯೂ ಹಾಗೆ ಮರಳಿತು. ಪಿಯಾನೊದ ಹಳೆಯ ಬಂಧುವಾದ ಹಾರ್ಪ್ಸಿಕಾರ್ಡ್ ಎರಡಕ್ಕೆಂದು ವಾದ್ಯವೃಂದದ ಕೃತಿಯೊಂದನ್ನು (ಕಾನ್ಚೆರ್ಟೊ) ಬರೆದಾದ ಮೇಲೆ ಪ್ರತಿ ಪುಟದ ತಳದಲ್ಲಿ ಸಾಲುಗಳು ಖಾಲಿ ಉಳಿದಿದ್ದವು. ಕಾಗದ ದುಬಾರಿಯಾಗಿದ್ದ ಕಾಲ. ಬಾಖ್ ಆ ಖಾಲಿ ಸಾಲುಗಳಲ್ಲೇ ಕೊಳಲಿನ ಸೊನಾಟವೊಂದನ್ನು ಬರೆದ. ಯಾರೋ ಕೆಲವು ಹಾಳೆಗಳ ಆ ತಳದ ಪಟ್ಟಿಯನ್ನು ಕತ್ತರಿಸಿ ಒಯ್ದರು, ಯುದ್ಧಕ್ಕೂ ಬಹಳ ಹಿಂದೆಯೇ. ಸುಮಾರು 46 ಬಾರ್‌ಗಳು, ಅಂದರೆ ತಾಳದ ಅಳತೆಯ ತುಣುಕುಗಳು ಹೋದವು. ಕೊಳಲುವಾದಕರು ಇಂದಿಗೂ ಆ ಜಾಗವನ್ನು ಯಾರಾದರೂ ಊಹಿಸಿ ತುಂಬಿದ ಸ್ವರಗಳಿಂದ ದಾಟುತ್ತಾರೆ.

ಉಳಿದದ್ದರಲ್ಲಿ ಬಹುಪಾಲು ಕ್ರಾಕೋವ್‌ನ ಯಾಗಿಯೆಲ್ಲೋನಿಯನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೇ ಇದೆ. ಅಲ್ಲಿ ಅದಕ್ಕೆ 'ಬೆರ್ಲಿನ್ಕಾ' ಎಂದು ಹೆಸರು. ಇದು ನಮ್ಮದು, ಕೊಡಿ ಎನ್ನುತ್ತದೆ ಜರ್ಮನಿ. ಪೋಲೆಂಡ್ ತನ್ನ ಲೆಕ್ಕ ತೆಗೆಯುತ್ತದೆ: 1939ರ ನವೆಂಬರ್ 6ರಂದು ಇದೇ ವಿಶ್ವವಿದ್ಯಾಲಯದ 183 ಅಧ್ಯಾಪಕರು ಮತ್ತಿತರರನ್ನು ಜರ್ಮನ್ನರು ಬಂಧಿಸಿದರು, 1944ರಲ್ಲಿ ವಾರ್ಸಾದ ಕ್ರಾಸಿನ್ಸ್ಕಿ ಗ್ರಂಥಾಲಯಕ್ಕೆ ಬೆಂಕಿ ಇಟ್ಟು ದೇಶದ ಹಸ್ತಪ್ರತಿಗಳನ್ನು ಸುಟ್ಟರು. ಆ ಬೂದಿಯನ್ನು ಯಾರು ಮರಳಿಸುತ್ತಾರೆ? ಈ ಮಾತಿಗೆ ಎದುರುತ್ತರ ಹುಡುಕುತ್ತ ಗ್ರಂಥಾಲಯದ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂರಬಹುದು. ಮರಳಿ ಕೊಡುವುದೇ ನ್ಯಾಯ ಎಂದು ಹೊರಟಿದ್ದ ನನಗೆ ಆ ಹಟ ಅಲ್ಲಿ ಉಳಿಯಲಿಲ್ಲ.

ಮೂಲ ಹಾಳೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡುತ್ತೇವೆಂದು ಹೋಗಬೇಡಿ, ನಿರಾಸೆಯಾದೀತು. ಅನೇಕ ಹಸ್ತಪ್ರತಿಗಳ ಪ್ರತಿಬಿಂಬಗಳು ಆ ಗ್ರಂಥಾಲಯದ ಡಿಜಿಟಲ್ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತವೆ. ಊರಿಗೆ ಹೊರಡುವ ಮೊದಲೇ ನೋಡಿಕೊಂಡರೆ ಕಣ್ಣು ಪಳಗುತ್ತದೆ. 'ಫಿಗರೊನ ಮದುವೆ'ಯಿಂದ ಶುರುಮಾಡಿ. ಮೋಜಾರ್ಟನ 1786ರ ಈ ಒಪೆರಾದ, ಅಂದರೆ ಸಂಗೀತ ನಾಟಕದ, ಮೊದಲೆರಡು ಅಂಕಗಳ ಹಸ್ತಪ್ರತಿ ಬರ್ಲಿನ್ನಿನಲ್ಲಿದೆ, ಕೊನೆಯ ಎರಡು ಕ್ರಾಕೋವ್‌ನಲ್ಲಿ. ಎರಡನೇ ಅಂಕದ ಗದ್ದಲವೆಲ್ಲ ಅಲ್ಲಿ ಮುಗಿದರೆ, ಮೂರನೇ ಅಂಕದ ಆರಂಭದಲ್ಲಿ ಇದೇನು ಗೊಂದಲ ಎಂದು ನಾಟಕದ ಜಮೀನ್ದಾರ ಕೌಂಟ್ ತನ್ನಷ್ಟಕ್ಕೆ ತಾನೇ ಗೊಣಗುವುದು ಐನೂರು ಕಿಲೋಮೀಟರಿಗೂ ಹೆಚ್ಚು ದೂರದ ಇಲ್ಲಿ. ಎರಡೂ ಭಾಗಗಳು ಪಕ್ಕಪಕ್ಕ ಕೂತಿರುವುದು 2007ರಲ್ಲಿ ಅಚ್ಚಾದ ಪಡಿಯಚ್ಚಿನ ಸಂಪುಟಗಳಲ್ಲಿ ಮಾತ್ರ.