ಪೇಪರ್ ಜೊತೆ ಪ್ರಿನ್ಸ್

ಬೆಳಗ್ಗೆಯಿಂದ ಅಮೆರಿಕದ ಪಾಪ್ ಗಾಯಕ ಪ್ರಿನ್ಸ್ ಹಾಡುಗಳೇ ಓಡುತ್ತಿವೆ. 2007ರ ಜುಲೈನಲ್ಲಿ ಈ ಪುಣ್ಯಾತ್ಮ ತನ್ನ ಹೊಸ ಆಲ್ಬಂ ‘ಪ್ಲಾನೆಟ್ ಅರ್ಥ್’ ಅನ್ನು ಬ್ರಿಟನ್ನಿನ ‘ದಿ ಮೇಲ್ ಆನ್ ಸಂಡೇ’ ಜೊತೆ ಪುಕ್ಕಟೆ ಹಂಚಿಬಿಟ್ಟ. ಭಾನುವಾರದ ಪೇಪರ್ ತಗೊಂಡರೆ ಜೊತೆಗೊಂದು ಸಿಡಿ! ಸಿಡಿ ಅಂಗಡಿಯವರು ಕೆಂಡಾಮಂಡಲ. ಆಲ್ಬಂ ಹೊರತರಬೇಕಿದ್ದ ಸೋನಿ ಕಂಪನಿಯವರು ಅಲ್ಲಿ ಆಲ್ಬಂ ಮಾರುವುದನ್ನೇ ಕೈಬಿಟ್ಟರು. ತಮಾಷೆ ಏನೆಂದರೆ, ಮೊದಲು ಬೈದ ಎಚ್‌ಎಂವಿ ಸಿಡಿ ಮಳಿಗೆಯವರೇ ಕೊನೆಗೆ ಆ ಪೇಪರ್ ತರಿಸಿ ಮಾರಿದರು.

ಪ್ರಿನ್ಸ್‌ಗೇನೂ ನಷ್ಟವಿಲ್ಲ ಬಿಡಿ. ಪತ್ರಿಕೆಯವರು ದುಡ್ಡು ಕೊಟ್ಟಿದ್ದರು. ಅದರ ಮರುತಿಂಗಳಿಂದ ಲಂಡನ್ನಿನ ಓ2 ಅರೀನಾದಲ್ಲಿ 21 ರಾತ್ರಿ ಕಾರ್ಯಕ್ರಮ ಬೇರೆ. ಸಿಡಿ ಪುಕ್ಕಟೆ, ಟಿಕೆಟ್‌ಗೆ ಕಾಸು. ಜಾಣ ಅಲ್ವಾ?

ಆದರೂ ಸುಮ್ನೆ ಕೈಗೆ ಬಂದ ಆ ಸಿಡಿಯನ್ನು ಎಷ್ಟು ಜನ ಪೂರ್ತಿ ಕೇಳಿದರೋ! ಈಗಂತೂ ಫೋನಲ್ಲಿ ಎಲ್ಲ ಹಾಡೂ ಹೆಚ್ಚುಕಡಿಮೆ ಪುಕ್ಕಟೆ. ನಾನೂ ಮೂರನೇ ಹಾಡಿಗೇ ಬೇರೆ ಆಲ್ಬಂಗೆ ಜಿಗಿಯುವ ಪೈಕಿ.