ಮರಲುಂಗಾ: ಬೆನ್ನು ಮಡಚುವ ಸೋಫಾ

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಸೋಫಾ ಎರಡು ಕೆಲಸ ಮಾಡಬೇಕಾಗುತ್ತದೆ. ಬೀಗರು ಬಂದಾಗ ಅವರನ್ನು ಮರ್ಯಾದೆಯಿಂದ ಕೂಡಿಸಬೇಕು. ಅವರು ಹೋದ ಮೇಲೆ, ಮಧ್ಯಾಹ್ನ ಉಂಡು ಬಂದ ಹಿರಿಯರಿಗೆ ತಲೆಯಾನಿಸಿ ಒಂದಿಷ್ಟು ಕಣ್ಣು ಮುಚ್ಚಲು ಆಸರೆಯಾಗಬೇಕು. ಈ ಎರಡನೆಯ ಕೆಲಸಕ್ಕೆಂದು ಅಂಗಡಿಯವರು ತೋರಿಸುವ ಎತ್ತರ ಬೆನ್ನಿನ ಸೋಫಾವನ್ನು ಪಡಸಾಲೆಗೆ ತಂದಿಟ್ಟರೆ ಅರ್ಧ ಕಿಟಕಿಯೇ ಮುಚ್ಚಿಹೋಗುತ್ತದೆ, ಕೋಣೆ ಇದ್ದುದಕ್ಕಿಂತ ಇಕ್ಕಟ್ಟಾಗಿ ಕಾಣುತ್ತದೆ. ಗಿಡ್ಡ ಬೆನ್ನಿನದನ್ನು ತಂದರೆ ಕೋಣೆ ಚೆಂದ ಕಾಣುತ್ತದೆ, ಆದರೆ ಕುಳಿತವರ ಕುತ್ತಿಗೆ ನೋಯುತ್ತದೆ.

ಈ ತೊಡಕಿಗೆ ನಾನು ಕಂಡ ಅತ್ಯಂತ ಸುಂದರ ಪರಿಹಾರ 1973ರದು. ಮಿಲಾನಿನ ವಾಸ್ತುಶಿಲ್ಪಿ ವಿಕೋ ಮಜಿಸ್ಟ್ರೆಟ್ಟಿ ಆ ವರ್ಷ ಕಸ್ಸೀನಾ ಎಂಬ ಪೀಠೋಪಕರಣ ಕಂಪನಿಗಾಗಿ ರೂಪಿಸಿದ ಮರಲುಂಗಾ ಸೋಫಾದಲ್ಲಿ ಬೆನ್ನಿನ ಮೇಲ್ಭಾಗ ಒಂದು ಮಡಿಕೆಯಂತೆ ಮುಂದಕ್ಕೆ ಬಾಗಿ ಕೂತಿರುತ್ತದೆ. ಆಗ ಅದು ಗಿಡ್ಡ, ದುಂಡನೆಯ, ಮೈತುಂಬಿಕೊಂಡ ಸೋಫಾ. ಬೇಕೆನಿಸಿದಾಗ ಕೈಯಿಂದ ಆ ಮಡಿಕೆಯನ್ನು ಮೇಲೆತ್ತಿದರೆ ಬೆನ್ನು ಸುಮಾರು ಒಂದು ಅಡಿಯಷ್ಟು ಮೇಲಕ್ಕೆ ಬೆಳೆದು ತಲೆಗೆ ಆಸರೆಯಾಗುತ್ತದೆ. ಹಿಡಿಕೆಯಿಲ್ಲ, ಗುಂಡಿಯಿಲ್ಲ. ಪಕ್ಕದವರು ನೆಟ್ಟಗೆ ಕುಳಿತು ಮಾತಾಡುತ್ತಿರುವಾಗಲೇ ಇನ್ನೊಬ್ಬರು ತಮ್ಮ ಭಾಗದ ಬೆನ್ನನ್ನಷ್ಟೇ ಎತ್ತಿಕೊಂಡು ಒರಗಬಹುದು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ, ಏಕೆಂದರೆ ಒಂದೇ ಕೋಣೆಯಲ್ಲಿ ಕುಳಿತ ಎಲ್ಲರಿಗೂ ಒಂದೇ ಹೊತ್ತಿಗೆ ಒಂದೇ ಬಗೆಯ ಆರಾಮ ಬೇಕಾಗಿರುವುದಿಲ್ಲ.

ಆ ಮಡಿಕೆ ಎತ್ತಿದಲ್ಲೇ ನಿಲ್ಲುವಂತೆ ಮಾಡಲು ಮಜಿಸ್ಟ್ರೆಟ್ಟಿ ಬಳಸಿದ್ದು ಸೈಕಲ್ ಚೈನನ್ನು. ಮೆತ್ತೆಯ ಒಳಗೆ, ಕಣ್ಣಿಗೆ ಬೀಳದ ಹಾಗೆ, ಅದು ಬೆನ್ನಿನ ಏರಿಳಿತವನ್ನು ನೋಡಿಕೊಳ್ಳುತ್ತದೆ. ಹಳೆ ಹುಬ್ಬಳ್ಳಿಯಲ್ಲಿ ಕುಶನ್ ಕೆಲಸ ಮಾಡುವ ಪರಿಚಿತರೊಬ್ಬರಿಗೆ ನಾನು ಇದನ್ನು ಫೋಟೊ ತೋರಿಸಿ ವಿವರಿಸಿದಾಗ ಅವರು ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟು, ಅಂಗೈಯನ್ನು ನಿಧಾನವಾಗಿ ಮಡಚಿ ಬಿಡಿಸಿ ನೋಡಿದರು. "ಹೌದ್ರಿ ಅಕ್ಕಾರ, ಚೈನ್ ಹಿಂಗ ಮುಂದಕ್ಕ ಮಡಚತೈತಿ, ಆದ್ರ ಬಾಜೂಕ ಹೊಳ್ಳೂದಿಲ್ಲ. ಅದಕ್ಕ ದಿಂಬು ಸೊಟ್ಟ ಆಗೂದಿಲ್ಲ," ಎಂದರು. ಅವರ ಮುಂದೆ ಆಗ ಬಿಚ್ಚಿ ಹಾಕಿದ ಹಳೆಯ ಸಾಗವಾನಿ ಸೋಫಾ ಇತ್ತು: ಮೇಲೆ ಸೀಳಿದ ರೆಕ್ಸಿನ್, ಅದರ ಕೆಳಗೆ ಪುಡಿಯಾಗುತ್ತಿದ್ದ ಫೋಮ್, ಆಮೇಲೆ ತೆಂಗಿನ ನಾರು, ಗೋಣಿತಟ್ಟು, ತುಕ್ಕು ಹಿಡಿದ ಸ್ಪ್ರಿಂಗು. ಕಟ್ಟಿಗೆ ಮಾತ್ರ ಹೊಸದರಂತಿತ್ತು.

ಮರಲುಂಗಾ ಇಷ್ಟು ವರ್ಷ ಬಾಳಿದ್ದಕ್ಕೂ ಇಂಥದೇ ಕಾರಣವಿದೆ ಎಂದು ನನಗನ್ನಿಸುತ್ತದೆ. ಅದರ ಎಲುಬು ಉಕ್ಕಿನದು, ಮಾಂಸ ಪಾಲಿಯುರೆಥೇನ್ ಫೋಮಿನದು, ಮೇಲಿನ ಬಟ್ಟೆ ಕಳಚಿ ಬದಲಿಸಬಹುದಾದದ್ದು. ಫೋಮ್ ಎಷ್ಟು ಒಳ್ಳೆಯದಿದ್ದರೂ ಕಾಲಾಂತರದಲ್ಲಿ ಹಳದಿಗಟ್ಟಿ ಉದುರುತ್ತದೆ, ಬಟ್ಟೆ ಸವೆಯುತ್ತದೆ. ಎಪ್ಪತ್ತರ ದಶಕದ ಸೋಫಾವನ್ನು ಇಂದು ಕೊಳ್ಳುವವರು ಇವೆರಡನ್ನೂ ಹೊಸದಾಗಿ ಹಾಕಿಸಿಕೊಂಡು ಮತ್ತೆ ಬಳಸುತ್ತಾರೆ. 1979ರಲ್ಲಿ ಇದಕ್ಕೆ ಇಟಲಿಯ ಪ್ರತಿಷ್ಠಿತ ವಿನ್ಯಾಸ ಪ್ರಶಸ್ತಿಯಾದ ಕೊಂಪಾಸ್ಸೋ ದೋರೋ ಬಂತು. ಕಸ್ಸೀನಾ ಇದನ್ನು ಇಂದಿಗೂ ತಯಾರಿಸುತ್ತಿದೆ.

ಮಜಿಸ್ಟ್ರೆಟ್ಟಿಯವರ ಉಳಿದ ಕೆಲಸಗಳನ್ನು ನೋಡಿದರೂ ಕೈಯ ಒಂದು ಸರಳ ಚಲನೆಯ ಮೇಲಿನ ಈ ನಂಬಿಕೆ ಕಾಣುತ್ತದೆ. ಅರವತ್ತರ ದಶಕದ ಅವರ ಎಕ್ಲಿಸ್ಸೆ ದೀಪದಲ್ಲಿ ಒಳಗಿನ ಅರ್ಧಗೋಳವನ್ನು ತಿರುಗಿಸಿದರೆ, ಗ್ರಹಣ ಹಿಡಿದಂತೆ ಬೆಳಕು ಕ್ರಮೇಣ ಕಡಿಮೆಯಾಗುತ್ತದೆ. 1981ರ ಸಿಂದ್‌ಬಾದ್ ಸೋಫಾಕ್ಕೆ ಕುದುರೆಯ ಬೆನ್ನಿಗೆ ಹೊದಿಸುವ ಕಂಬಳಿಯೇ ಮಾದರಿ. ಅದರ ಹೊದಿಕೆಯನ್ನು ಚೌಕಟ್ಟಿನ ಮೇಲೆ ಹಾಗೆಯೇ ಹಾಸಿಬಿಡಬಹುದು. ಒಳ್ಳೆಯ ಕಲ್ಪನೆಯನ್ನು ಚಿತ್ರವಿಲ್ಲದೆ ಫೋನಿನಲ್ಲೇ ವಿವರಿಸಲು ಬರಬೇಕು ಎಂಬುದು ಅವರ ನಿಲುವಾಗಿತ್ತು. ಮರಲುಂಗಾವನ್ನು ಖಂಡಿತ ಹಾಗೆ ವಿವರಿಸಬಹುದು.

ತಲೆಯ ಭಾಗ ಏರಿಳಿಯುವ ಸೋಫಾಗಳು ಈಗ ನಮ್ಮೂರಿನ ಶೋರೂಮುಗಳಲ್ಲೂ ಇವೆ. ಹಲವುಗಳಲ್ಲಿ ಲೋಹದ ಕೀಲು ಟಿಕ್ ಟಿಕ್ ಎಂದು ಸದ್ದು ಮಾಡುತ್ತ ಏಳುತ್ತದೆ, ಬೆನ್ನಿಗೆ ಅಂಟಿಸಿದ ಬೇರೆಯದೇ ಒಂದು ತುಂಡಿನಂತೆ ಕಾಣುತ್ತದೆ. ಮರಲುಂಗಾದಲ್ಲಿ ಬೆನ್ನು ಮತ್ತು ತಲೆದಿಂಬು ಒಂದೇ ದೇಹ, ಮಡಚಿದಾಗ ಬಟ್ಟೆಯಲ್ಲಿ ಮೂಡುವ ನೆರಿಗೆಗಳೇ ಅದರ ಅಲಂಕಾರ. ಆ ನೆರಿಗೆಗಳನ್ನು ಮುಚ್ಚಿಡಲು ಮಜಿಸ್ಟ್ರೆಟ್ಟಿ ಯತ್ನಿಸಲಿಲ್ಲ ಎಂಬುದರಲ್ಲೇ ನನ್ನ ಮಟ್ಟಿಗೆ ಆ ವಿನ್ಯಾಸದ ದೊಡ್ಡತನವಿದೆ. ಒಂದು ಮಾತನ್ನು ಮಾತ್ರ ಹೇಳಲೇಬೇಕು: ಇಷ್ಟು ಮೆತ್ತನೆಯ ಆಸನದಿಂದ ಮಂಡಿನೋವಿನವರು ಏಳುವುದು ಕಷ್ಟ.

ಕುಶನ್ ಕೆಲಸದವರು ಈಗ ನಮಗಾಗಿ ಸಾಗವಾನಿ ಚೌಕಟ್ಟಿನಲ್ಲಿ ಇಬ್ಬರು ಕೂಡುವಂಥ ಸೋಫಾವೊಂದನ್ನು ಮಾಡಲು ಒಪ್ಪಿದ್ದಾರೆ. ಮರಲುಂಗಾದ ನಕಲು ಮಾಡುವ ಉದ್ದೇಶ ನಮಗಿಲ್ಲ. ಕಳಚಲು ಬರುವ ಹೊದಿಕೆ, ತುಸು ಗಟ್ಟಿಯಾದ ಆಸನ, ಮೇಲೇಳುವ ಬೆನ್ನು ಇವಿಷ್ಟು ಬೇಕು. ಹೊದಿಕೆಗೆ ನವಲಗುಂದದ ಜಮಖಾನ ಹಾಕಿಸೋಣವೆಂದು ನಾನು ಹೇಳಿದ್ದೆ. ಅಷ್ಟು ದಪ್ಪನೆಯ ನೇಯ್ಗೆ ಮಡಿಕೆಯ ಜಾಗದಲ್ಲಿ ಸೆಟೆದು ನಿಲ್ಲುತ್ತದೆ ಎಂದು ಅವರು ಒಪ್ಪಲಿಲ್ಲ. ಬೆಂಗೇರಿಯಿಂದ ದಪ್ಪ ಖಾದಿ ತಂದು, ಕುಗ್ಗುವಷ್ಟು ಕುಗ್ಗಲೆಂದು ಮೊದಲು ನೀರಲ್ಲಿ ಅದ್ದಿ ಒಣಗಿಸಿ, ಮಡಿಕೆಯಲ್ಲಿ ಬಟ್ಟೆ ಧಾರಾಳವಾಗಿ ಬಿಟ್ಟು ಹೊಲಿಯಬೇಕೆಂದು ತೀರ್ಮಾನವಾಗಿದೆ.