ಪಡುಬಿದ್ರಿಯಿಂದ ಗೋಕರ್ಣಕ್ಕೆ: ನೀರಿಗಿಳಿಯುವ ಮುನ್ನ

ಮಂಗಳೂರಿನಿಂದ ಹೆದ್ದಾರಿ 66 ಹಿಡಿದು ಹೊರಟರೆ ಉಡುಪಿಗೆ ಮೊದಲೇ ಸಿಗುವುದು ಪಡುಬಿದ್ರಿ. ಒಂದು ಮಗ್ಗುಲಲ್ಲಿ ಕಾಮಿನಿ ಹೊಳೆ, ಇನ್ನೊಂದು ಮಗ್ಗುಲಲ್ಲಿ ಕಡಲು. ಶುಚಿಯಾದ, ಸುರಕ್ಷಿತವಾದ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ‘ನೀಲಿ ಧ್ವಜ’ದ (ಬ್ಲೂ ಫ್ಲ್ಯಾಗ್) ಮಾನ್ಯತೆಯನ್ನು 2020ರಲ್ಲಿ ಪಡೆದ ತೀರವಿದು. ಅಂಥ ತೀರಗಳಲ್ಲಿ ನೀರಿನ ಪರೀಕ್ಷೆಯ ಫಲಿತಾಂಶವನ್ನು ಫಲಕದಲ್ಲಿ ಹಾಕಬೇಕೆಂಬ ನಿಯಮವಿದೆ. ಚಪ್ಪಲಿ ಬಿಡುವ ಮೊದಲು ಅದನ್ನು ಓದಿ. 100 ಮಿಲಿಲೀಟರ್ ನೀರಿನಲ್ಲಿ, ಮಲದಿಂದ ಬರುವ ಬ್ಯಾಕ್ಟೀರಿಯಾಗಳಾದ ಇ. ಕೋಲಿ 250ರೊಳಗೆ, ಎಂಟರೋಕಾಕಸ್ 100ರೊಳಗೆ ಇರಬೇಕು. ಮಾದರಿ ತೆಗೆದ ತಾರೀಕನ್ನೂ ನೋಡಿ. ಈ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಎಣಿಸಲು ಒಂದು ದಿನವಾದರೂ ಬೇಕು, ಹಾಗಾಗಿ ಫಲಕದಲ್ಲಿರುವುದು ಎಂದೋ ಹರಿದುಹೋದ ನೀರಿನ ಲೆಕ್ಕ. ನಡುವೆ ಜೋರು ಮಳೆ ಸುರಿದಿದ್ದರೆ ಚರಂಡಿ, ಕೊಟ್ಟಿಗೆ, ಗದ್ದೆ ತೊಳೆದ ನೀರೆಲ್ಲ ಹೊಳೆ ಸೇರಿ ಕಡಲಿಗೆ ಬಂದಿರುತ್ತದೆ. ಎರಡು-ಮೂರು ದಿನ ಇಳಿಯದಿರುವುದೇ ಸರಿ. ನೀರು ತಿಳಿಯಾಗಿದೆ ಎಂದು ನಂಬಬೇಡಿ, ಇ. ಕೋಲಿ ಕಣ್ಣಿಗೂ ಕಾಣದು, ಮೂಗಿಗೂ ಸಿಗದು.

ಭಟ್ಕಳ ದಾಟಿ ಮುರುಡೇಶ್ವರಕ್ಕೆ ಬಂದರೆ ಚಿಂತೆಯೇ ಬೇರೆ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳನ್ನು ಅಲೆಗಳು ಎಳೆದೊಯ್ದದ್ದು ಇಲ್ಲಿಯೇ. ಬಸ್ಸಿನಿಂದ ಇಳಿದವರು ನೇರ ನೀರಿಗೆ ಓಡುತ್ತಾರೆ. ಹದಿನೈದು ನಿಮಿಷ ದಡದ ಮೇಲೆ, ಆದಷ್ಟು ಎತ್ತರದಲ್ಲಿ ನಿಂತು ನೋಡಿದರೆ ಕಡಲು ತಾನೇ ತೋರಿಸಿಕೊಡುತ್ತದೆ. ಮರಳ ದಿಬ್ಬದ ಮೇಲೆ ಅಲೆ ಒಡೆದು ಬೆಳ್ಳನೆ ನೊರೆ ಏಳುತ್ತದೆ. ದಡಕ್ಕೆ ಬಂದು ಒಟ್ಟಿದ ನೀರು ವಾಪಸ್ಸು ಹೋಗಬೇಕಲ್ಲ, ಅದು ದಿಬ್ಬ ಕಡಿದಿರುವ ಸಂದನ್ನು ಹುಡುಕುತ್ತದೆ. ಅಲ್ಲಿ ಆಳ ಹೆಚ್ಚು, ಅಲೆ ಒಡೆಯುವುದಿಲ್ಲ. ಎರಡು ನೊರೆಪಟ್ಟಿಗಳ ನಡುವೆ ಕಪ್ಪಗೆ, ನುಣ್ಣಗೆ, ಶಾಂತವಾಗಿ ಕಾಣುತ್ತದೆ. ಮಕ್ಕಳನ್ನು ಆಡಲು ಬಿಡೋಣ ಅನ್ನಿಸುವ ಆ ಜಾಗವೇ ಸೆಳೆತ. ಅನುಮಾನವಿದ್ದರೆ ತೆಂಗಿನ ಗರಿಯ ತುಂಡೊಂದನ್ನು ಎಸೆದು ಐದು ನಿಮಿಷ ನೋಡಿ. ಅಲೆಗೆದುರಾಗಿ ಹೊರಕ್ಕೆ ಹೋದರೆ ಅಲ್ಲಿ ಇಳಿಯಲೇಬೇಡಿ.

ಸಿಕ್ಕಿಬಿದ್ದವರು ಮುಳುಗುವುದು ದಡದ ಕಡೆಗೇ ಈಜಿ ಈಜಿ ಸುಸ್ತಾಗಿ. ಸೆಳೆತ ಹೊರಕ್ಕೆ ಒಯ್ಯುತ್ತದೆ, ಕೆಳಕ್ಕೆ ಎಳೆಯುವುದಿಲ್ಲ. ಅಂಗಾತ ತೇಲಿ ಕೈ ಎತ್ತಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ನೊರೆಯೇಳುವ ಕಡೆಗೆ ಬರಬೇಕು. ದಡದಲ್ಲಿದ್ದವರು ಹಿಂದೆ ಹಾರಬಾರದು. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯಬೇಕು. ಐದು ಲೀಟರಿನ ಕ್ಯಾನು, ಹತ್ತು ಮೀಟರ್ ನೈಲಾನ್ ಹಗ್ಗ ಕಾರಿನಲ್ಲಿದ್ದರೆ ಯಾವ ತೀರದಲ್ಲೂ ಉಪಯೋಗಕ್ಕೆ ಬರುತ್ತದೆ. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಬೇಕು. ಬರೀ ಕೆಂಪು ಹಾರುತ್ತಿದ್ದರೆ ಆವತ್ತಿಗೆ ಈಜಿಲ್ಲ.

ಹೊನ್ನಾವರದ ಹತ್ತಿರದ ಕಾಸರಕೋಡು ಕೂಡ ನೀಲಿ ಧ್ವಜದ ತೀರವೇ. ಗಾಳಿಮರಗಳ ನೆರಳು ಹಿತವಾಗಿದೆ, ಆದರೆ ಶರಾವತಿಯ ಅಳಿವೆ ದೂರವಿಲ್ಲ. ಇಳಿತದ ಹೊತ್ತಿಗೆ ಹೊಳೆಯ ನೀರು, ಅದರ ಜೊತೆಗೆ ಊರಿನ ಕೊಳೆಯೂ ಅಳಿವೆಯಿಂದ ರಭಸವಾಗಿ ಹೊರಬೀಳುತ್ತದೆ. ಅಳಿವೆಯ ಬಾಯಲ್ಲಿ ಎಂಥ ಈಜುಗಾರರೂ ಇಳಿಯಬಾರದು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ನಿನ್ನೆಯ ಗಡಿಯಾರ ಇವತ್ತಿಗಾಗದು. ದೋಣಿ ಎಳೆಯುತ್ತಿರುವ ಮೀನುಗಾರರನ್ನೇ ಕೇಳಿ.

ಗೋಕರ್ಣದ ಓಂ ಬೀಚಿನಲ್ಲಿ ಬಂಡೆಗಳಿಂದ ದೂರವಿರಿ. ಪಾಚಿ ಜಾರಿಸುತ್ತದೆ, ಬಂಡೆಯ ಪಕ್ಕದಲ್ಲೇ ಸೆಳೆತವೂ ಇರುತ್ತದೆ.

ವಾಪಸ್ಸು ಬರುವಾಗ ಹೊಳೆಯಲ್ಲೊಂದು ಮುಳುಗು ಹಾಕುವ ಆಸೆಯಿದ್ದರೆ ಕಾಲಿನ ಗಾಯಗಳನ್ನು ನೋಡಿಕೊಳ್ಳಿ. ಸಿಹಿನೀರಿನಲ್ಲಿ ಇಲಿಜ್ವರದ ರೋಗಾಣು ಒಳಹೋಗಲು ತರಚಿದ ಚರ್ಮ ಸಾಕು. ಎರಡು-ಮೂರು ವಾರದೊಳಗೆ ಜ್ವರ, ಮೀನಖಂಡದ ನೋವು, ಕೆಂಗಣ್ಣು ಕಂಡರೆ ಹೊಳೆಗೆ ಇಳಿದದ್ದನ್ನು ವೈದ್ಯರಿಗೆ ಮೊದಲೇ ಹೇಳಿ. ಬೇಗ ಗೊತ್ತಾದರೆ ಮಾತ್ರೆಯಲ್ಲೇ ವಾಸಿಯಾಗುವ ಕಾಯಿಲೆ ಅದು, ತಡವಾದರೆ ಮೂತ್ರಪಿಂಡಕ್ಕೆ ಇಳಿಯುತ್ತದೆ.